ಲೆಕ್ಕ ಬಿಟ್ಟ ಅಡುಗೆಯವ

ದೇವರೊಂದಿಗೆ ಆಪ್ತ ಸಂಬಂಧ ಬೆಳೆಸಿಕೊಳ್ಳಿ, ಪಾವನರಾಗುತ್ತೀರಿ ಎಂಬ ಮಾತು ಕ್ರೈಸ್ತ ಪ್ರವಚನಗಳಲ್ಲಿ, ಧ್ಯಾನಕೂಟಗಳಲ್ಲಿ ಕೇಳಿ ಕೇಳಿ ಸವೆದುಹೋಗಿದೆ. ಅದು ಹೇಗೆ ಎಂದು ಯಾರಾದರೂ ಕೇಳಿದರೆ ಬಹಳಷ್ಟು ಸಲ ಒಂದು ಸಣ್ಣ ಪುಸ್ತಕ ಕೈಗೆ ಬರುತ್ತದೆ. ಹದಿನೇಳನೆಯ ಶತಮಾನದ ಪ್ಯಾರಿಸ್ಸಿನಲ್ಲಿ, ಮಠದ ಅಡುಗೆಮನೆಯಲ್ಲಿ ದುಡಿದ ಸಹೋದರ ಲಾರೆನ್ಸ್ ಎಂಬವನ ಮಾತು ಮತ್ತು ಪತ್ರಗಳ ಸಂಗ್ರಹ ಅದು. ‘ದೇವರ ಸಾನ್ನಿಧ್ಯದ ಅಭ್ಯಾಸ’ ಎಂಬ ಹೆಸರಿನಲ್ಲಿ ಲೋಕವನ್ನೆಲ್ಲ ಸುತ್ತಿದೆ. ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದು. ಅದೇ ಅದರ ಭಾಗ್ಯ, ಅದೇ ಅದರ ದುರ್ದೈವ. ಪಾತ್ರೆ ತೊಳೆಯುತ್ತಲೇ ದೇವರ ಜೊತೆ ಮಾತಾಡಬಹುದು ಎಂಬಷ್ಟನ್ನು ಹಿಡಿದುಕೊಂಡು ಜನ ಪುಸ್ತಕ ಮುಚ್ಚಿಬಿಡುತ್ತಾರೆ. ನನಗೆ ಪುಸ್ತಕದ ತಿರುಳು ಕಂಡದ್ದು ಇನ್ನೊಂದು ಕಡೆ. ತಪ್ಪು ಮಾಡಿದ ಮೇಲೆ ಈ ಮನುಷ್ಯ ಏನು ಮಾಡುತ್ತಿದ್ದ ಎಂಬುದನ್ನು ಹೇಳುವ ಕೆಲವೇ ಪುಟಗಳಲ್ಲಿ.

ಅವನ ಹುಟ್ಟುಹೆಸರು ನಿಕೊಲಾ ಎರ್ಮಾನ್. ಲೊರೇನ್ ಸೀಮೆಯ ಎರಿಮೆನಿಲ್ ಎಂಬ ಹಳ್ಳಿಯಲ್ಲಿ 1614ರ ಸುಮಾರಿಗೆ ಹುಟ್ಟಿದವನು. ಮೂವತ್ತು ವರ್ಷಗಳ ಯುದ್ಧದಲ್ಲಿ ಸಿಪಾಯಿಯಾಗಿದ್ದ. ಕಾಲಿಗೆ ಪೆಟ್ಟು ಬಿದ್ದು ಜೀವನಪೂರ್ತಿ ಕುಂಟಿದ. ಆಮೇಲೆ ಒಬ್ಬ ಸಾಹುಕಾರರ ಮನೆಯಲ್ಲಿ ಆಳಾಗಿದ್ದಾಗ, ಅವನೇ ಹೇಳಿಕೊಂಡಂತೆ, ಮುಟ್ಟಿದ್ದನ್ನೆಲ್ಲ ಒಡೆದುಹಾಕುತ್ತಿದ್ದ. 1640ರಲ್ಲಿ ಪ್ಯಾರಿಸ್ಸಿನ ವೋಜಿರಾರ್ ರಸ್ತೆಯ ಕಾರ್ಮೆಲ್ ಸಂನ್ಯಾಸಿಗಳ ಮಠ ಸೇರಿದ. ಗುರುವಾಗಿ ಅಲ್ಲ, ಮೈಮುರಿದು ದುಡಿಯುವ ಸಾಮಾನ್ಯ ಸಹೋದರನಾಗಿ. ತನ್ನ ಒಡ್ಡತನಕ್ಕೆ ಮಠದಲ್ಲಿ ಚರ್ಮ ಸುಲಿದಾರು, ಹಾಗಾದರೂ ಪ್ರಾಯಶ್ಚಿತ್ತವಾಗಲಿ ಎಂದುಕೊಂಡು ಬಂದನಂತೆ. ಸಿಕ್ಕಿದ್ದು ಬರೀ ನೆಮ್ಮದಿ, ದೇವರು ತನಗೆ ಮೋಸ ಮಾಡಿದ ಎಂದು ತಮಾಷೆ ಮಾಡುತ್ತಿದ್ದ. ಈ ತಮಾಷೆಯನ್ನು ಪೂರ್ತಿ ನಂಬುವಂತಿಲ್ಲ. ಮಠ ಸೇರಿದ ಮೇಲೆ ಹತ್ತು ವರ್ಷ ತಾನು ಪಟ್ಟ ಪಾಡನ್ನು ಇದೇ ಮನುಷ್ಯ ಒಂದು ಪತ್ರದಲ್ಲಿ ಬರೆದಿದ್ದಾನೆ.

ಅವನನ್ನು ಅಡುಗೆಮನೆಗೆ ಹಾಕಿದರು. ಆ ಕೆಲಸ ಅವನಿಗೆ ಹಿಡಿಸುತ್ತಿರಲಿಲ್ಲ. ಆದರೂ ಹದಿನೈದು ವರ್ಷ ಅಲ್ಲೇ ಕಳೆದ. ಮುಂದೆ ಕಾಲು ಇನ್ನಷ್ಟು ಕೆಟ್ಟಾಗ ಕೂತು ಮಾಡುವ ಕೆಲಸವೆಂದು ಮಠದವರ ಚಪ್ಪಲಿ ಹೊಲಿಯಲು ಕೊಟ್ಟರು. ಒಮ್ಮೆ ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ಬರ್ಗಂಡಿ ಸೀಮೆಗೆ ಕಳಿಸಿದರು. ವ್ಯಾಪಾರ ಗೊತ್ತಿಲ್ಲ, ಕಾಲು ಸರಿಯಿಲ್ಲ. ದೋಣಿಯಲ್ಲಿ ಅತ್ತಿತ್ತ ಹೋಗಬೇಕಾದರೆ ಪೀಪಾಯಿಗಳ ಮೇಲೆ ಉರುಳಿಕೊಂಡು ಹೋಗುತ್ತಿದ್ದನಂತೆ. ಇದು ನಿನ್ನ ಕೆಲಸ ಎಂದು ದೇವರಿಗೆ ಹೇಳಿಬಿಟ್ಟ, ಆಮೇಲೆ ನೋಡಿದರೆ ಎಲ್ಲ ಸರಿಯಾಗಿಯೇ ಮುಗಿದಿತ್ತು. ಬಾಣಲೆಯಲ್ಲಿ ಮೊಟ್ಟೆದೋಸೆ ಮಗುಚಿಹಾಕುವಾಗ ಅದನ್ನೂ ದೇವರ ಪ್ರೀತಿಗಾಗಿಯೇ ಮಾಡುತ್ತೇನೆ ಎನ್ನುತ್ತಿದ್ದ. ಭಕ್ತಿಸಾಹಿತ್ಯದಲ್ಲಿ ಎದ್ದುಕಾಣುವ ಉಪಮೆ, ರೂಪಕಗಳ ಆಡಂಬರ ಇಲ್ಲಿಲ್ಲ. ಕುಂಟನೊಬ್ಬ, ಪೀಪಾಯಿಗಳು, ಬಾಣಲೆ, ಅಷ್ಟೇ.

ಪುಸ್ತಕವನ್ನು ಅವನು ಬರೆದಿಲ್ಲ ಎಂಬುದನ್ನು ಮರೆಯಬಾರದು. ಜೋಸೆಫ್ ದ ಬೋಫೋರ್ ಎಂಬ ಗುರು 1666ರ ಆಗಸ್ಟ್ 3ರಂದು ಮೊದಲ ಬಾರಿ ಅವನ ಜೊತೆ ಕೂತು ಮಾತಾಡಿದ. ಅಂಥ ನಾಲ್ಕು ಸಂಭಾಷಣೆಗಳ ಟಿಪ್ಪಣಿ ಮಾಡಿಕೊಂಡ. 1691ರ ಫೆಬ್ರವರಿ 12ರಂದು ಲಾರೆನ್ಸ್ ತೀರಿಕೊಂಡ ಮೇಲೆ, 1692 ಮತ್ತು 1694ರಲ್ಲಿ ಬೋಫೋರನೇ ಅವನ್ನೂ ಸಿಕ್ಕಿದ ಹದಿನಾರು ಪತ್ರಗಳನ್ನೂ ಸೂಕ್ತಿಗಳನ್ನೂ ಅಚ್ಚುಹಾಕಿಸಿದ. ಹಾಗಾಗಿ ಸಂಭಾಷಣೆಗಳಲ್ಲಿ ಕೇಳುವುದು ಓದಿದವನೊಬ್ಬ ಒಪ್ಪಮಾಡಿದ ದನಿ. ಸೂಕ್ತಿಗಳು ಒಣಗಿದ ಪಾಠದಂತಿವೆ. ಪತ್ರಗಳಲ್ಲಿ ಮಾತ್ರ ಮನುಷ್ಯ ಸಿಗುತ್ತಾನೆ: ಹೇಳಿದ್ದನ್ನೇ ಹೇಳುತ್ತಾನೆ, ತನ್ನ ಕಥೆಯನ್ನು ಬೇರೆ ಯಾರದ್ದೋ ಎಂಬಂತೆ ಬರೆಯುತ್ತಾನೆ, ಈ ಪತ್ರ ಯಾರಿಗೂ ತೋರಿಸಬೇಡಿ ಎಂದು ಕೇಳಿಕೊಳ್ಳುತ್ತಾನೆ. 1991ರಲ್ಲಿ ಬೆಲ್ಜಿಯಮ್ಮಿನ ಕಾರ್ಮೆಲ್ ಗುರು ಕಾನ್ರಾಡ್ ದ ಮೇಸ್ಟರ್ ಫ್ರೆಂಚ್ ಮೂಲಪಾಠವನ್ನು ಶೋಧಿಸಿ ಹೊರತಂದ ಮೇಲೆ ಲಾರೆನ್ಸನದ್ದೆಷ್ಟು, ಬೋಫೋರನದ್ದೆಷ್ಟು ಎಂದು ನೋಡುವುದು ಸುಲಭವಾಯಿತು. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಪ್ರತಿಗಳು ಈ ಗೊಡವೆಗೇ ಹೋಗುವುದಿಲ್ಲ.

ಈಗ ಆ ತಿರುಳಿನ ಮಾತು. ಕ್ರೈಸ್ತ ಆಧ್ಯಾತ್ಮದಲ್ಲಿ ಆತ್ಮಶೋಧನೆಗೆ ದೊಡ್ಡ ಸ್ಥಾನವಿದೆ. ದಿನದ ಕೊನೆಗೆ ಕೂತು ಎಲ್ಲಿ ಎಡವಿದೆ, ಎಷ್ಟು ಸಲ ಎಡವಿದೆ ಎಂದು ನೋಡಿಕೊಳ್ಳಬೇಕು. ಮನಸ್ಸು ಸೂಕ್ಷ್ಮವಾಗಿದ್ದವರಿಗೆ ಅದೊಂದು ತೀರದ ಲೆಕ್ಕದ ಪುಸ್ತಕವಾಗುತ್ತದೆ. ಅದರಲ್ಲಿ ದೇವರು ಕಾಣುವುದಿಲ್ಲ, ಬರೀ ತಮ್ಮ ಮುಖವೇ ಕಾಣುತ್ತದೆ. ಲಾರೆನ್ಸ್ ಆ ಪುಸ್ತಕವನ್ನೇ ಮುಚ್ಚಿದ. ತಪ್ಪಾಯಿತೆಂದು ಗೊತ್ತಾದ ಕೂಡಲೇ ಒಪ್ಪಿಕೊಳ್ಳುತ್ತಿದ್ದ. ನನ್ನ ಪಾಡಿಗೆ ನನ್ನನ್ನು ಬಿಟ್ಟರೆ ನಾನು ಮಾಡುವುದೇ ಹೀಗೆ, ತಡೆಯಬೇಕಾದವನು ನೀನು ಎಂಬ ಧಾಟಿಯಲ್ಲಿ ದೇವರಿಗೆ ಹೇಳುತ್ತಿದ್ದ. ಅಲ್ಲಿಗೆ ಮುಗಿಯಿತು, ಮತ್ತೆ ಅದನ್ನು ಕೆದಕುತ್ತಿರಲಿಲ್ಲ. ಇದು ಉಡಾಫೆಯಂತೆ ಕೇಳಿಸಬಹುದು. ನನಗಂತೂ ಈ ಪುಸ್ತಕದಲ್ಲಿ ಇದಕ್ಕಿಂತ ಕಠಿಣವಾದದ್ದು ಇನ್ನೊಂದು ಕಾಣಲಿಲ್ಲ. ತನ್ನ ಪಾಪದ ಬಗ್ಗೆ ಕೊರಗುವುದರಲ್ಲೂ ಒಂದು ಜಂಬವಿದೆ, ಅದನ್ನು ಬಿಡುವುದು ಸುಲಭವಲ್ಲ. ಆಪ್ತತೆ ಎಂದರೆ ಭಾವುಕತೆ ಎಂದು ತಿಳಿದವರು ಇಲ್ಲಿ ನಿಂತು ಓದಬೇಕು. ತಪ್ಪು ಮಾಡಿದವನು ಮುಖ ತಪ್ಪಿಸಿ ಓಡಾಡದೆ ಅದೇ ಗಳಿಗೆಯಲ್ಲಿ ಮತ್ತೆ ಮಾತಿಗೆ ಬರುತ್ತಾನಲ್ಲ, ಅವನ ಪಾವನತೆ ಬೆಳೆದದ್ದು ಅಲ್ಲಿ.

ಈ ನಿರಾಳ ಪುಕ್ಕಟೆಯಾಗಿ ಬಂದದ್ದಲ್ಲ. ನಾಲ್ಕು ವರ್ಷ ತನಗೆ ನರಕವೇ ಗತಿ ಎಂದು ನಂಬಿಕೊಂಡಿದ್ದ. ಯಾರು ಹೇಳಿದರೂ ಆ ಭಯ ಹೋಗಲಿಲ್ಲ. ಕೊನೆಗೆ ಒಂದು ತೀರ್ಮಾನಕ್ಕೆ ಬಂದ. ಉಳಿಯಲಿ, ಅಳಿಯಲಿ, ಬದುಕಿರುವಷ್ಟು ದಿನ ದೇವರ ಮೇಲಿನ ಪ್ರೀತಿಯಿಂದಲೇ ನಡೆದುಕೊಳ್ಳುತ್ತೇನೆ, ಅಷ್ಟಾದರೂ ದಕ್ಕುತ್ತದಲ್ಲ. ಬಿಡುಗಡೆ ಸಿಕ್ಕಿದ್ದು ಆಮೇಲೆ. ಬಹುತೇಕ ಪ್ರವಚನಕಾರರು ಈ ವರ್ಷಗಳನ್ನು ಹಾರಿಸಿ ಸೀದಾ ಬಾಣಲೆಗೆ ಬರುತ್ತಾರೆ.

ರೋಮನ್ ಕ್ಯಾಥೊಲಿಕ್ ಸಭೆಗೆ ಗಾಬರಿ ಹುಟ್ಟಿಸಿದ್ದೂ ಈ ಧೋರಣೆಯೇ. ಸ್ವಂತ ಮುಕ್ತಿಯ ಬಗ್ಗೆ ಉದಾಸೀನ, ಆತ್ಮಕ್ಕೆ ಮಾರ್ಗದರ್ಶಕ ಬೇಕಿಲ್ಲ, ಪಾಪನಿವೇದನೆ ಕೇಳುವ ಗುರು ಸಾಕು ಎಂಬ ಮಾತು. ಆತ್ಮ ಸುಮ್ಮನಿದ್ದರೆ ಸಾಕು, ಮಿಕ್ಕದ್ದು ದೇವರೇ ಮಾಡುತ್ತಾನೆ ಎನ್ನುವ ಮೌನವಾದಿಗಳೆಂದು ಮದಾಂ ಗ್ಯೂಯೋನ್ ಮುಂತಾದವರನ್ನು ಹಿಡಿದು ವಿಚಾರಿಸುತ್ತಿದ್ದ ಕಾಲದಲ್ಲಿ ಇವು ಸಣ್ಣ ಮಾತುಗಳಲ್ಲ. ಗ್ಯೂಯೋನಳ ಪರ ನಿಂತ, ಲಾರೆನ್ಸನನ್ನೂ ಕಂಡು ಮಾತಾಡಿದ್ದ ಆರ್ಚ್‌ಬಿಷಪ್ ಫೆನೆಲೋನ್ ಅವನನ್ನು ತನ್ನ ಪಕ್ಷದ ಸಾಕ್ಷಿಯಾಗಿ ಎಳೆದುತಂದ. 1699ರಲ್ಲಿ ಪೋಪ್ ಹನ್ನೆರಡನೆಯ ಇನೊಸೆಂಟ್ ಫೆನೆಲೋನನ ಪುಸ್ತಕದ 23 ವಾಕ್ಯಗಳನ್ನು ಖಂಡಿಸಿದರು. ಅದರ ನೆರಳು ಅಡುಗೆಯವನ ಮೇಲೂ ಬಿತ್ತು. ಅವನನ್ನು ಬದುಕಿಸಿಕೊಂಡವರು ಪ್ರೊಟೆಸ್ಟೆಂಟರು. ಜಾನ್ ವೆಸ್ಲಿ ತನ್ನ ಕ್ರೈಸ್ತ ಗ್ರಂಥಮಾಲೆಯಲ್ಲಿ ಅವನಿಗೂ ಜಾಗ ಕೊಟ್ಟ. ಸಭೆಯ ಅನುಮಾನ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಆದರೆ ಕೈಕಟ್ಟಿ ಕೂತು ದೇವರು ಮಾಡಲಿ ಎನ್ನುವವನು ಮಠದ ಊಟಕ್ಕೆ ಹೊತ್ತಿಗೆ ಸರಿಯಾಗಿ ಅಡುಗೆ ಇಳಿಸುವುದಿಲ್ಲ.

ಇದೇ ಕಾರ್ಮೆಲ್ ಪರಂಪರೆಯ ಇನ್ನೊಂದು ತುದಿ ನಮ್ಮ ಮಂಗಳೂರಿನಲ್ಲಿದೆ. 1870ರಲ್ಲಿ ಫ್ರಾನ್ಸಿನ ಪೋ ಎಂಬ ಊರಿನಿಂದ ಮಂಗಳೂರಿಗೆ ಬಂದ ಕಾರ್ಮೆಲ್ ಸಂನ್ಯಾಸಿನಿಯರಲ್ಲಿ ಮರಿಯಂ ಬವಾರ್ದಿ ಇದ್ದಳು. ಗಲಿಲಾಯದ ಇಬಿಲ್ಲಿನ್‌ನಲ್ಲಿ ಹುಟ್ಟಿದ ಅರಬ್ ಹುಡುಗಿ, ಓದುಬರಹ ಅಷ್ಟಕ್ಕಷ್ಟೆ, ಲಾರೆನ್ಸನ ಹಾಗೆಯೇ ಮೈಕೆಲಸದ ದರ್ಜೆಯವಳು. 1871ರಲ್ಲಿ ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದಳು. ಅವಳಿಗೆ ಪರವಶತೆ, ಮೈಮೇಲೆ ಯೇಸುವಿನ ಗಾಯಗಳು. ಇದು ದೇವರದ್ದೋ ಅಲ್ಲವೋ ಎಂದು ಮೇಲಿನವರಿಗೆ ಅನುಮಾನ ಬಂದು 1872ರಲ್ಲಿ ಪೋಗೆ ವಾಪಸು ಕಳಿಸಿದರು. 2015ರಲ್ಲಿ ಸಭೆ ಅವಳನ್ನು ಸಂತಳೆಂದು ಘೋಷಿಸಿತು. ಲಾರೆನ್ಸನಿಗೆ ಆ ಪಟ್ಟ ಸಿಕ್ಕಿಲ್ಲ. ಅವನಲ್ಲಿ ಪರೀಕ್ಷಿಸಲಿಕ್ಕೆ ಗಾಯವಿಲ್ಲ, ಕೇಳಲಿಕ್ಕೆ ದರ್ಶನವಿಲ್ಲ. ಅಂಥವು ತನಗೆ ಬೇಡವೆಂದೇ ಇದ್ದವನು. ಹಾಗಾದರೆ ಒಬ್ಬನ ಒಳಗಿನ ಸಂಬಂಧ ನಿಜವೆಂದು ತಿಳಿಯುವುದು ಹೇಗೆ? ಅವನ ಜೊತೆ ಇದ್ದವರನ್ನು ಕೇಳಬೇಕು. ಪುಸ್ತಕ ಸೋಲುವುದು ಇಲ್ಲೇ. ಅಡುಗೆಮನೆಯ ಗದ್ದಲದಲ್ಲೂ ಶಾಂತನಾಗಿದ್ದ ಎಂದು ಬೋಫೋರ್ ಹೇಳುತ್ತಾನೆ, ಆದರೆ ಪಕ್ಕದಲ್ಲಿ ತರಕಾರಿ ಹೆಚ್ಚಿದವನ ಒಂದು ಮಾತೂ ಇಲ್ಲ. ಪುಸ್ತಕದಲ್ಲಿ ಸಂಬಂಧ ಇರುವುದು ದೇವರು, ಲಾರೆನ್ಸ್ ಇಬ್ಬರ ನಡುವೆ ಮಾತ್ರ. ಮೂರನೆಯವನಿಗೆ ಅಲ್ಲಿ ಜಾಗ ಕಡಿಮೆ.

ಕೆಲಸವೇ ಭಕ್ತಿಯಾಗುವ ಈ ಬಗೆ ಕಂಡು ಕನ್ನಡದ ಓದುಗರಿಗೆ ಶರಣರ ಕಾಯಕ ನೆನಪಾಗುವುದು ಸಹಜ. ನನಗೆ ಹೋಲಿಕೆಗಿಂತ ವ್ಯತ್ಯಾಸವೇ ಮುಖ್ಯವಾಗಿ ಕಾಣುತ್ತದೆ. ಲಾರೆನ್ಸನಿಗೆ ಯಾವ ಕೆಲಸವಾದರೂ ಒಂದೇ. ನೆಲದ ಮೇಲಿನ ಹುಲ್ಲುಕಡ್ಡಿ ಎತ್ತಿದರೂ ಸಾಕು, ಪ್ರೀತಿಯಿಂದ ಎತ್ತಬೇಕು. ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಮರಳಿ ಸುರಿದು ಬಾ ಎಂದು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯಲ್ಲಿ ಎಷ್ಟು, ಯಾರ ಪಾಲಿನದು ಎಂಬ ಪ್ರಶ್ನೆಯೇ ಭಕ್ತಿಯ ಒಳಗಿದೆ. ವಿಧೇಯತೆಯ ವ್ರತ ತೊಟ್ಟ ಮಠದವನಿಗೆ ಆ ಪ್ರಶ್ನೆ ಏಳಲಿಲ್ಲ. ಕೂಲಿ, ಬಾಡಿಗೆ, ಮಕ್ಕಳ ಫೀಜು ಎಂದು ಒದ್ದಾಡುವ ಇಂದಿನ ಓದುಗನಿಗೆ ಅದು ಏಳದೆ ಇರುವುದಿಲ್ಲ.

ಈ ಕೊರತೆಯನ್ನು ಅರ್ಧ ತುಂಬಿ, ಇನ್ನರ್ಧ ಕೆಡಿಸಿದವನು ಲಾರೆನ್ಸನ ಹಾದಿ ಹಿಡಿದ ಅಮೆರಿಕದ ಮಿಷನರಿ ಫ್ರಾಂಕ್ ಲೌಬಾಕ್. 1930ರಲ್ಲಿ ಫಿಲಿಪ್ಪೀನ್ಸಿನ ಮಿಂಡನಾವೊ ದ್ವೀಪದಲ್ಲಿ, ಮುಸ್ಲಿಮರಾದ ಮರನಾವೊ ಜನರ ನಡುವೆ ಇದ್ದುಕೊಂಡು ಕ್ಷಣಕ್ಷಣವೂ ದೇವರನ್ನು ನೆನೆಯುವ ಪ್ರಯೋಗಕ್ಕಿಳಿದ. ಅವನ ಸಂಬಂಧ ಜನರ ಕಡೆ ತಿರುಗಿತು. ಆ ಜನರಿಗೆ ಅಕ್ಷರ ಕಲಿಸುತ್ತ ಮುಂದೆ ಲೋಕಪ್ರಸಿದ್ಧ ಸಾಕ್ಷರತಾ ಚಳವಳಿಗಾರನಾದ. ಇದು ಅರ್ಧ ತುಂಬಿದ ಕಥೆ. ಇನ್ನೊಂದು ಕಡೆ ಅದೇ ಲೌಬಾಕ್ ಇದನ್ನೊಂದು ಆಟವಾಗಿಸಿದ: ಪ್ರತಿ ನಿಮಿಷದಲ್ಲಿ ಒಂದು ಸೆಕೆಂಡಾದರೂ ಕ್ರಿಸ್ತನ ನೆನಪಾಗಬೇಕು, ಎಷ್ಟು ನಿಮಿಷ ಗೆದ್ದೆ ಎಂದು ನೋಡಿಕೊಳ್ಳಬೇಕು. ಲಾರೆನ್ಸ್ ಮುಚ್ಚಿದ್ದ ಲೆಕ್ಕದ ಪುಸ್ತಕವನ್ನು ಅವನ ಶಿಷ್ಯನೇ ಮತ್ತೆ ತೆರೆದಂತಾಯಿತು.

ಒಂದು ವಿಷಯದಲ್ಲಿ ಮಾತ್ರ ಲಾರೆನ್ಸನ ಜೊತೆ ರಾಜಿಯಾಗಲು ನನಗೆ ಆಗಿಲ್ಲ. ಕಾಯಿಲೆ ಬಿದ್ದವರಿಗೆ ಬರೆದ ಪತ್ರಗಳಲ್ಲಿ, ನಿಮ್ಮ ನೋವು ನೀಗಲಿ ಎಂದು ತಾನು ಬೇಡುವುದಿಲ್ಲ, ತಾಳುವ ಶಕ್ತಿಗಾಗಿ ಬೇಡುತ್ತೇನೆ ಎನ್ನುತ್ತಾನೆ. ಮದ್ದಿಗಿಂತ ದೇವರೆಂಬ ವೈದ್ಯನನ್ನೇ ಹೆಚ್ಚು ನಂಬಿ ಎನ್ನುತ್ತಾನೆ. ಹುಣ್ಣಾದ ಕಾಲನ್ನು ಎಳೆದುಕೊಂಡು ಬದುಕಿದವನು ಸ್ವಂತ ಅನುಭವದಿಂದ ಆಡಿದ ಮಾತು, ಅದು ನಿಜ. ತನ್ನ ನೋವಿನ ಬಗ್ಗೆ ಹಾಗೆ ಹೇಳುವ ಹಕ್ಕು ಅವನಿಗಿತ್ತು. ಪರರ ನೋವಿಗೆ ಅದನ್ನೇ ಬರೆದುಕೊಟ್ಟಾಗ ಆಪ್ತತೆ ಕಲ್ಲಾಗುತ್ತದೆ.

ಇಷ್ಟಾದರೂ ಇದು ಓದಬೇಕಾದ ಪುಸ್ತಕವೇ, ಅದರಲ್ಲೂ ತಮ್ಮ ತಪ್ಪುಗಳನ್ನು ಎಣಿಸಿ ಎಣಿಸಿ ಸೋತವರು ಓದಲೇಬೇಕು. ಪತ್ರಗಳಿಂದ ಶುರುಮಾಡಿ, ಆಮೇಲೆ ಸಂಭಾಷಣೆಗಳಿಗೆ ಬನ್ನಿ. ಸೂಕ್ತಿಗಳನ್ನು ಬಿಟ್ಟರೂ ನಷ್ಟವಿಲ್ಲ. ಆಸ್ಪತ್ರೆಯಲ್ಲಿ ಮಲಗಿದವರಿಗೆ ಕೊಡುವ ಮುನ್ನ ಮಾತ್ರ ಆ ಪತ್ರಗಳನ್ನು ನೀವೊಮ್ಮೆ ಓದಿ ನೋಡಿ.