ಗ್ಯಾರಿ ಸೆವೆನ್ ಬಾರದೆ ಹೋದದ್ದೇ ಸರಿ

1968ರ ಮಾರ್ಚ್ 29ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 'ಸ್ಟಾರ್ ಟ್ರೆಕ್' ಧಾರಾವಾಹಿಯ ಎರಡನೇ ವರ್ಷದ ಕೊನೆಯ ಕಂತು ಪ್ರಸಾರವಾಯಿತು. ಅದರ ಹೆಸರು 'ಅಸೈನ್‌ಮೆಂಟ್ ಅರ್ತ್'. ಹೊರನೋಟಕ್ಕೆ ಅದು ಭವಿಷ್ಯಕಾಲದ ಎಂಟರ್‌ಪ್ರೈಸ್ ನೌಕೆಯ ಕ್ಯಾಪ್ಟನ್ ಕರ್ಕ್ ಮತ್ತು ಅವನ ಸಹಚರ ಸ್ಪಾಕ್ ಇತಿಹಾಸದ ಅಧ್ಯಯನಕ್ಕೆಂದು 1968ರ ಭೂಮಿಗೆ ಬರುವ ಕಥೆ. ಒಳಗಿದ್ದದ್ದು ಬೇರೆಯೇ ಒಂದು ಧಾರಾವಾಹಿಯ ಬೀಜ. ದೂರದ ಯಾವುದೋ ಗ್ರಹದಲ್ಲಿ ಬೆಳೆದ ಗ್ಯಾರಿ ಸೆವೆನ್ ಎಂಬ ಮನುಷ್ಯ, ಕಂಕುಳಲ್ಲಿ ಐಸಿಸ್ ಎಂಬ ಕರಿಬೆಕ್ಕು ಇಟ್ಟುಕೊಂಡು, ಸೂಟು ತೊಟ್ಟು ನ್ಯೂಯಾರ್ಕಿಗೆ ಬರುತ್ತಾನೆ. ಅಣುಬಾಂಬಿನ ಕಾಲದ ಮಾನವಕುಲ ತನ್ನನ್ನು ತಾನೇ ಸುಟ್ಟುಕೊಳ್ಳದಂತೆ ಕಾಯುವುದು ಅವನಿಗೆ ಒಪ್ಪಿಸಿದ ಕೆಲಸ. ಆ ಪಾತ್ರ ರಾಬರ್ಟ್ ಲ್ಯಾನ್ಸಿಂಗ್‌ ಅವರದು. ಅವನ ಕಚೇರಿಯ ಕಾರ್ಯದರ್ಶಿ ರೊಬರ್ಟಾ ಲಿಂಕನ್ ಆಗಿ ನಟಿಸಿದವರು ಟೆರಿ ಗಾರ್. ಇವರಿಬ್ಬರ ಸ್ಪಿನ್-ಆಫ್, ಅಂದರೆ ಕವಲು ಧಾರಾವಾಹಿ, ಬರಲೇ ಇಲ್ಲ. ಮೂಲ ಧಾರಾವಾಹಿಯೂ 79 ಕಂತು ಮುಗಿಸಿ 1969ರಲ್ಲಿ ನಿಂತಿತು. ಕೈತಪ್ಪಿದ ನಿಧಿ ಎಂದು ಇದಕ್ಕಾಗಿ ಮರುಗುವವರು ಇಂದಿಗೂ ಇದ್ದಾರೆ. ಆ ಮರುಕಕ್ಕೆ ಕಾರಣವಿಲ್ಲ ಎಂಬುದು ನನ್ನ ವಾದ.

'ಸ್ಟಾರ್ ಟ್ರೆಕ್' ಸೃಷ್ಟಿಸಿದ ಜೀನ್ ರಾಡನ್‌ಬೆರಿ ಈ ಕಥೆಯನ್ನು ಮೊದಲು ಬರೆದದ್ದು 1966ರಲ್ಲಿ, 'ಸ್ಟಾರ್ ಟ್ರೆಕ್'ಗೆ ಸಂಬಂಧವಿಲ್ಲದ ಸ್ವತಂತ್ರ ಪೈಲಟ್ ಕಂತಾಗಿ. ಅದರಲ್ಲಿ ಕರ್ಕ್ ಇರಲಿಲ್ಲ, ಸ್ಪಾಕ್ ಇರಲಿಲ್ಲ, ಎಂಟರ್‌ಪ್ರೈಸ್ ನೌಕೆಯೂ ಇರಲಿಲ್ಲ. ಕೊಳ್ಳುವವರು ಸಿಗದಿದ್ದಾಗ ಆರ್ಟ್ ವಾಲೇಸ್ ಜೊತೆ ಸೇರಿ ಅದನ್ನೇ ತಿದ್ದಿ, ನಡೆಯುತ್ತಿದ್ದ ಧಾರಾವಾಹಿಯೊಳಗೆ ಸೇರಿಸಿದರು. ಬೆಸುಗೆ ಎದ್ದು ಕಾಣುತ್ತದೆ. ಕಂತಿನ ಬಹುಭಾಗ ಕರ್ಕ್ ಮಾಡುವುದು ನೋಡುವ ಕೆಲಸ. ರಾಕೆಟ್ ನೆಲೆಯಲ್ಲಿ ಅವನೂ ಸ್ಪಾಕ್‌ನೂ ಕಾವಲಿನವರ ಕೈಗೆ ಸಿಕ್ಕಿ ಸುಮ್ಮನೆ ನಿಂತಿರುತ್ತಾರೆ; ಪರದೆಯ ಮೇಲೆ ನಾಸಾದ ಹಳೆಯ ರಾಕೆಟ್ ಚಿತ್ರಗಳು ಓಡುತ್ತಿರುತ್ತವೆ. ಕೊನೆಗೆ ಕರ್ಕ್ ತೆಗೆದುಕೊಳ್ಳುವ ದೊಡ್ಡ ತೀರ್ಮಾನವೆಂದರೆ ಗ್ಯಾರಿ ಸೆವೆನ್‌ಗೆ ಅಡ್ಡ ನಿಲ್ಲದೆ ಪಕ್ಕಕ್ಕೆ ಸರಿಯುವುದು. ನೂರಾರು ಕಂಟಕಗಳನ್ನು ದಾಟಿದ ನಾಯಕನನ್ನು ಸ್ವಂತ ಮನೆಯಲ್ಲೇ ನೆಂಟನನ್ನಾಗಿಸಿದ ಕಂತು ಇದು.

ಮೂಲಕಥೆಯಿಂದ ಕವಲು ಒಡೆಯುವುದು ನಮಗೆ ಹೊಸದೇನಲ್ಲ. ಕೋಲಾರ ಸೀಮೆಯವರಿಗೆ ಮುಳಬಾಗಿಲು ತಾಲ್ಲೂಕಿನ ಆವಣಿ ಗೊತ್ತು. ವಾಲ್ಮೀಕಿಯ ಆಶ್ರಮ ಅಲ್ಲಿತ್ತು, ಸೀತೆ ಲವಕುಶರನ್ನು ಹೆತ್ತದ್ದು ಅಲ್ಲೇ ಎಂಬುದು ಸ್ಥಳದ ನಂಬಿಕೆ. ರಮಾನಂದ ಸಾಗರರ 'ರಾಮಾಯಣ' 1988ರ ಜುಲೈನಲ್ಲಿ ಪಟ್ಟಾಭಿಷೇಕಕ್ಕೆ ಮುಗಿಯಲಿದೆ ಎಂದಾಗ, ಲವಕುಶರ ಕಥೆಯೂ ಬರಬೇಕೆಂದು ಪಂಜಾಬು ಮೊದಲಾದ ಕಡೆ ಪೌರಕಾರ್ಮಿಕರು ಮುಷ್ಕರ ಹೂಡಿದ್ದರು. ವಾಲ್ಮೀಕಿ ಅವರ ಆರಾಧ್ಯ ಗುರು. ಕೊನೆಗೆ ದೂರದರ್ಶನದಲ್ಲಿ ಉತ್ತರ ರಾಮಾಯಣ ಬಂತು. ಆ ಧಾರಾವಾಹಿಯ ಗುಣಮಟ್ಟದ ಮಾತು ಬೇರೆ. ಅದಕ್ಕೆ ಬೇಡಿಕೆ ಹುಟ್ಟಿದ್ದು ಮೂಲಕಥೆಯಲ್ಲೇ ಒಂದು ಬಾಕಿ ಉಳಿದಿದ್ದರಿಂದ. ಸೀತೆಗೆ ಮುಂದೇನಾಯಿತು ಎಂಬುದಕ್ಕೆ ಪಟ್ಟಾಭಿಷೇಕ ಉತ್ತರ ಕೊಡುವುದಿಲ್ಲ. 'ಸ್ಟಾರ್ ಟ್ರೆಕ್' ಯಾರಿಗೂ ಗ್ಯಾರಿ ಸೆವೆನ್‌ನನ್ನು ಬಾಕಿ ಉಳಿಸಿಕೊಂಡಿರಲಿಲ್ಲ. ಅವನು ಬರುವ ಮುಂಚೆ ಅವನ ಕೊರತೆ ಯಾರಿಗೂ ಕಂಡಿರಲಿಲ್ಲ.

ಕೊರತೆ ಇರಲಿಲ್ಲ ಎಂಬುದಷ್ಟೇ ಅಲ್ಲ, ಅವನು ಬಂದರೆ ಮೂಲಕಥೆಯ ಬುಡವೇ ಅಲುಗುತ್ತದೆ. 'ಸ್ಟಾರ್ ಟ್ರೆಕ್'ನ ಜೀವಾಳವೆಂದರೆ ಮನುಷ್ಯರು ಯುದ್ಧ, ವರ್ಣದ್ವೇಷ, ಹಸಿವುಗಳನ್ನು ತಾವೇ ದಾಟಿ ನಕ್ಷತ್ರಗಳತ್ತ ಹೊರಟರು ಎಂಬ ಭರವಸೆ. ಶೀತಲ ಸಮರದ ನಡುವೆ ಆಫ್ರಿಕ ಮೂಲದ ಉಹುರಾ, ಏಷ್ಯ ಮೂಲದ ಸುಲು, ರಷ್ಯದ ಚೆಕೋವ್ ಒಂದೇ ನೌಕೆಯಲ್ಲಿ ಕೂತ ದೃಶ್ಯಕ್ಕೆ ತೂಕ ಬಂದದ್ದು ಇದರಿಂದಲೇ. 1968ರ ಗಂಡಾಂತರದಿಂದ ನಮ್ಮನ್ನು ಪಾರುಮಾಡಿದವನು ಅನ್ಯಲೋಕದವರು ತರಬೇತಿ ಕೊಟ್ಟ ಏಜೆಂಟ್ ಎಂದ ಮೇಲೆ ಆ ಶ್ರೇಯಸ್ಸು ನಮ್ಮದಾಗಿ ಉಳಿಯುವುದಿಲ್ಲ. ಕಂತಿನಲ್ಲಿ ಅಮೆರಿಕ ಅಣ್ವಸ್ತ್ರ ಹೊತ್ತ ವೇದಿಕೆಯೊಂದನ್ನು ಭೂಕಕ್ಷೆಗೆ ಹಾರಿಸುತ್ತದೆ. ಗ್ಯಾರಿ ಸೆವೆನ್ ಅದನ್ನು ದಾರಿ ತಪ್ಪಿಸಿ, ನೆಲಕ್ಕೆ ಬೀಳುವ ಮುಂಚೆ 104 ಮೈಲಿ ಎತ್ತರದಲ್ಲಿ ಸಿಡಿಸಿ, ರಾಷ್ಟ್ರಗಳಿಗೆ ಹೆದರಿಕೆಯ ಪಾಠ ಕಲಿಸುತ್ತಾನೆ. ನಿಜವಾದ ಚರಿತ್ರೆಯಲ್ಲಿ ನಡೆದದ್ದೇನು? ಅಣ್ವಸ್ತ್ರಗಳನ್ನು ಕಕ್ಷೆಯಲ್ಲಿ ಇಡಬಾರದೆಂಬ ಬಾಹ್ಯಾಕಾಶ ಒಪ್ಪಂದ 1967ರ ಜನವರಿಯಲ್ಲೇ ಸಹಿಗೆ ಬಂದಿತ್ತು, ಅಕ್ಟೋಬರ್ 10ರಂದು ಜಾರಿಯೂ ಆಗಿತ್ತು. ಕಂತು ಪ್ರಸಾರವಾಗುವ ಐದು ತಿಂಗಳು ಮುಂಚೆಯೇ, ಯಾವ ಗ್ರಹದವರ ನೆರವೂ ಇಲ್ಲದೆ, ಬದ್ಧವೈರಿಗಳು ಮೇಜಿನ ಸುತ್ತ ಕೂತು ಜಗಳಾಡಿ ಈ ಕೆಲಸ ಮುಗಿಸಿದ್ದರು. ಒಪ್ಪಂದ ಬರೀ ಕಾಗದ, ಸೋವಿಯತ್ ಒಕ್ಕೂಟ ಪೂರ್ತಿ ಸುತ್ತು ಹಾಕದ ಕಕ್ಷೆಯ ಅಸ್ತ್ರಗಳನ್ನು ಪರೀಕ್ಷಿಸುತ್ತಲೇ ಇತ್ತು ಎಂದು ಯಾರಾದರೂ ಹೇಳಬಹುದು. ನಿಜವೇ. ಆದರೆ ನಾಟಕ ಇರುವುದು ಆ ಹಗ್ಗಜಗ್ಗಾಟದಲ್ಲೇ: ನಂಬಲಾಗದವನೊಡನೆ ಮಾತು ಮುಂದುವರಿಸುವುದು ಹೇಗೆ ಎಂಬಲ್ಲಿ. ಗ್ಯಾರಿ ಸೆವೆನ್‌ನ ಲೇಖನಿಯಂಥ ಉಪಕರಣ ಮತ್ತು ಮಾತಾಡುವ ಕಂಪ್ಯೂಟರು ಅದನ್ನೆಲ್ಲ ಒಂದು ಗುಂಡಿಯಲ್ಲಿ ಮುಗಿಸಿಬಿಡುತ್ತವೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ 'ಸ್ಟಾರ್ ಟ್ರೆಕ್' ಒಳಗಿನಿಂದಲೇ ಬರುತ್ತದೆ. ಒಂದು ವರ್ಷ ಮುಂಚೆ, 1967ರ ಮಾರ್ಚ್‌ನಲ್ಲಿ ಬಂದ 'ಎರಂಡ್ ಆಫ್ ಮರ್ಸಿ' ಕಂತಿನಲ್ಲಿ ಆರ್ಗೇನಿಯನ್ನರೆಂಬ ಮಹಾಶಕ್ತರು ಕರ್ಕ್‌ನ ಪಡೆಗೂ ಅದರ ವೈರಿಗಳಾದ ಕ್ಲಿಂಗನ್ನರಿಗೂ ನಡೆಯಬೇಕಿದ್ದ ಯುದ್ಧವನ್ನು ತಡೆಯುತ್ತಾರಲ್ಲ, ಅದು ಸರಿಯಾದರೆ ಇದು ಏಕೆ ತಪ್ಪು? ಅಲ್ಲಿ ಕರ್ಕ್ ಸಿಟ್ಟಿಗೇಳುತ್ತಾನೆ, ನಮ್ಮನ್ನು ತಡೆಯಲು ನಿಮಗೇನು ಹಕ್ಕು ಎಂದು ಕೇಳುತ್ತಾನೆ, ಹಾಗೆ ಕೇಳುತ್ತಿರುವಾಗಲೇ ತಾನು ವಾದಿಸುತ್ತಿರುವುದು ಕೊಲ್ಲುವ ಹಕ್ಕಿಗಾಗಿ ಎಂಬುದು ಅವನಿಗೆ ಹೊಳೆದು ತಲೆ ತಗ್ಗಿಸುತ್ತಾನೆ. ಮೇಲಿನವರ ಪ್ರವೇಶ ಕೆಳಗಿನವನನ್ನು ಬದಲಿಸಿತು. 'ಅಸೈನ್‌ಮೆಂಟ್ ಅರ್ತ್'ನಲ್ಲಿ ರಾಕೆಟ್ ನೆಲೆಯ ಒಬ್ಬ ಅಧಿಕಾರಿಗೂ ತಾನು ಏನು ಮಾಡಹೊರಟಿದ್ದೆ ಎಂಬ ಯೋಚನೆ ಬರುವುದಿಲ್ಲ. ಅವತಾರಗಳ ಕಥೆ ಕೇಳಿ ಬೆಳೆದ ನಮಗೆ ಕಾಪಾಡುವವನು ಬರುವುದರಲ್ಲಿ ವಿಚಿತ್ರವೇನಿಲ್ಲ ಎಂದೂ ಹೇಳಬಹುದು. ಆದರೆ ನಮ್ಮ ಅವತಾರಪುರುಷರು ಗರ್ಭದಲ್ಲಿ ಹುಟ್ಟಿ, ಕಾಡು ಅಲೆದು, ಹೆಂಡತಿಯನ್ನು ಕಳೆದುಕೊಂಡು, ಶಾಪ ಹೊತ್ತು ಹೋದವರು. ಗ್ಯಾರಿ ಸೆವೆನ್‌ಗೆ ಕಳೆದುಕೊಳ್ಳಲು ಏನೂ ಇಲ್ಲ. ಹಿಂದಿದ್ದ ಇಬ್ಬರು ಏಜೆಂಟರು ಕಾರು ಅಪಘಾತದಲ್ಲಿ ಸತ್ತರೆಂಬ ಸುದ್ದಿಯೂ ಅವನನ್ನು ಗಳಿಗೆಗಿಂತ ಹೆಚ್ಚು ಕಾಡುವುದಿಲ್ಲ.

ರಾಡನ್‌ಬೆರಿ ಸುಮ್ಮನಿರಲಿಲ್ಲ. 1974ರ 'ದಿ ಕ್ವೆಸ್ಟರ್ ಟೇಪ್ಸ್' ಟಿವಿ ಚಿತ್ರದಲ್ಲಿ ಏಜೆಂಟನ ಜಾಗಕ್ಕೆ ಯಂತ್ರಮಾನವ ಬಂದ. ಅವನೂ ಮನುಕುಲದ ಗುಪ್ತ ಪಾಲಕನೇ. ಅದೂ ಧಾರಾವಾಹಿಯಾಗಲಿಲ್ಲ. ಗ್ರೆಗ್ ಕಾಕ್ಸ್ ಕಾದಂಬರಿಗಳಲ್ಲಿ, 2008ರಲ್ಲಿ ಜಾನ್ ಬರ್ನ್ ಕಾಮಿಕ್ಸ್‌ನಲ್ಲಿ ಗ್ಯಾರಿ ಸೆವೆನ್‌ಗೆ ಮರುಜೀವ ಕೊಟ್ಟರು. ಈ ಕಲ್ಪನೆ ನನಗೆ ಮೊದಲ ಬಾರಿ ಒಪ್ಪಿಗೆಯಾದದ್ದು 'ಸ್ಟಾರ್ ಟ್ರೆಕ್' ಪರಂಪರೆಯದೇ ಆದ 'ಪಿಕಾರ್ಡ್' ಧಾರಾವಾಹಿಯ 2022ರ ಎರಡನೇ ಸರಣಿಯಲ್ಲಿ. ಅಲ್ಲಿನ ಪಾಲಕಿ ಟ್ಯಾಲಿನ್ ಇಡೀ ಭೂಮಿಯನ್ನು ಕಾಯುವುದಿಲ್ಲ, ಅಧೈರ್ಯದ ಒಬ್ಬಳು ಗಗನಯಾತ್ರಿಯನ್ನು ಮರೆಯಲ್ಲಿ ನಿಂತು ಕಾಯುತ್ತಾಳೆ, ಅವಳಿಗಾಗಿ ಪ್ರಾಣವನ್ನೂ ಕೊಡುತ್ತಾಳೆ. ಹಾರಬೇಕಾದವಳು ಮಾತ್ರ ಆ ಗಗನಯಾತ್ರಿಯೇ.

1968ರ ಕಂತಿನಲ್ಲೂ ಅಂಥ ಒಂದು ಸಾಧ್ಯತೆ ಇತ್ತು, ಅದು ರೊಬರ್ಟಾ. ತನ್ನ ವಯಸ್ಸಿನವರು ಮೂವತ್ತರವರೆಗೆ ಬದುಕಿರುತ್ತೇವೋ ಇಲ್ಲವೋ ಎಂದು ಯೋಚಿಸುತ್ತಾರೆಂದು ಹೇಳುವ, ತನ್ನ ಯಜಮಾನ ಗೂಢಚಾರನಿರಬಹುದೆಂದು ಶಂಕಿಸಿ ಪೊಲೀಸರಿಗೆ ಫೋನು ಮಾಡುವ ಇಪ್ಪತ್ತರ ಹುಡುಗಿ. ಇಡೀ ಕಥೆಯಲ್ಲಿ ಆ ಕಾಲದ ನೆಲದ ಮೇಲೆ ಕಾಲೂರಿದವಳು ಅವಳೊಬ್ಬಳೇ. ಬರೆದವರು ಅವಳಿಗೆ ಕೊಟ್ಟದ್ದು ತಬ್ಬಿಬ್ಬಾಗುವ, ನಗಿಸುವ ಕೆಲಸ. ರೊಬರ್ಟಾ ನಾಯಕಿಯಾಗಿದ್ದ ಧಾರಾವಾಹಿ ಬಾರದೆ ಹೋಗಿದ್ದರೆ ಅದನ್ನು ನಷ್ಟ ಎನ್ನಬಹುದಿತ್ತು. ಗ್ಯಾರಿ ಸೆವೆನ್‌ನ ಧಾರಾವಾಹಿ ಬಾರದಿದ್ದದ್ದು ನಷ್ಟವಲ್ಲ.