ಒಡ್ಡೋಲಗದ ಅಂಚಿನಲ್ಲಿ

ಪರ್ಷಿಯನ್ ಚಿಕಣಿ ಚಿತ್ರಗಳೆಂದರೆ ದೊರೆಯ ಮುಖಸ್ತುತಿ ಎಂದು ಬದಿಗೆ ಸರಿಸುವವರಿದ್ದಾರೆ. ದೊರೆಯೊಬ್ಬನನ್ನೇ ನೋಡಿದರೆ ಆ ಮಾತು ಸರಿಯೇ: ರತ್ನಗಂಬಳಿ, ಮೇಲೊಂದು ಚಪ್ಪರ, ಭಾವವಿಲ್ಲದ ಮುಖ. ಆಸ್ಥಾನದ ಬದುಕು ಸಿಗುವುದು ಅವನ ಸುತ್ತಲಿನವರಲ್ಲಿ. 1488ರಲ್ಲಿ ಹೆರಾತಿನ ಸುಲ್ತಾನ ಹುಸೇನ್ ಬೈಖರಾನಿಗಾಗಿ ಸಿದ್ಧವಾದ, ಈಗ ಕೈರೋದಲ್ಲಿರುವ ಸಾದಿಯ ‘ಬೂಸ್ತಾನ್’ ಹಸ್ತಪ್ರತಿಯ ಮೊದಲ ಜೋಡಿಪುಟವನ್ನೇ ನೋಡಿ. ಒಂದು ಪುಟದಲ್ಲಿ ಸುಲ್ತಾನನ ಔತಣ. ಎದುರು ಪುಟದಲ್ಲಿ ಮದ್ಯ ಭಟ್ಟಿ ಇಳಿಯುತ್ತಿದೆ, ಹೂಜಿಗಳು ಓಡಾಡುತ್ತಿವೆ, ಕಾಲು ನಿಲ್ಲದವರನ್ನು ಹೆಗಲು ಕೊಟ್ಟು ಸಾಗಿಸುತ್ತಿದ್ದಾರೆ, ಬಾಗಿಲು ಕಾಯುವವನು ಬೇಡದವನನ್ನು ಕೋಲು ಹಿಡಿದು ಅಟ್ಟುತ್ತಿದ್ದಾನೆ. ನೀತಿ ಹೇಳುವ ಕಾವ್ಯಕ್ಕೆ ಎಂಥ ಮುನ್ನುಡಿ!

ಇವೆಲ್ಲ ಸಿದ್ಧ ಅಚ್ಚುಗಳು ಎಂಬ ಆಕ್ಷೇಪ ಹಗುರವಾದದ್ದಲ್ಲ. ರೇಖೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಇದ್ದಿಲ ಪುಡಿ ಉದುರಿಸಿ, ಒಂದೇ ಆಕೃತಿಯನ್ನು ಹತ್ತಾರು ಚಿತ್ರಗಳಿಗೆ ಇಳಿಸುವ ಪದ್ಧತಿ ಅಲ್ಲಿತ್ತು. ಆದರೆ ಈ ಔತಣಕ್ಕೆ ಹೊರಗಿನ ಸಾಕ್ಷಿಯೊಬ್ಬನಿದ್ದಾನೆ. ಹುಸೇನ್ ತೀರಿಕೊಂಡ 1506ರಲ್ಲೇ ಹೆರಾತಿಗೆ ಬಂದ ಬಾಬರ್, ಮಧ್ಯಾಹ್ನದ ನಮಾಜಿನ ನಂತರ ಈ ಸುಲ್ತಾನ ಕುಡಿಯದ ದಿನವೇ ಇರಲಿಲ್ಲವೇನೋ ಎಂಬರ್ಥದ ಮಾತು ಬರೆದಿಟ್ಟಿದ್ದಾನೆ. ಬಾಬರ್ ಈ ಹಸ್ತಪ್ರತಿಯ ಚಿತ್ರಕಾರ ಬೆಹಜಾದನ ಹೊಗಳುಭಟನೂ ಅಲ್ಲ. ಗಡ್ಡವಿಲ್ಲದ ಮುಖಗಳನ್ನು ಬೆಹಜಾದ್ ಚೆನ್ನಾಗಿ ಬರೆಯುವುದಿಲ್ಲ, ಗಲ್ಲದ ಕೆಳಗಿನ ಮಡಿಕೆಯನ್ನು ಹಿಗ್ಗಿಸುತ್ತಾನೆ ಎಂದು ಆಡಿಕೊಂಡವನು.

ಚಿತ್ರಗಳಲ್ಲಿರುವುದು ಬಹುಪಾಲು ಪುರಾಣದ, ಕಾವ್ಯದ ರಾಜರು, ಅವರಿಂದ ಇತಿಹಾಸ ತಿಳಿಯುವುದು ಹೇಗೆ ಎಂದೂ ಕೇಳಬಹುದು. ಬ್ರಿಟಿಷ್ ಲೈಬ್ರರಿಯಲ್ಲಿರುವ, 1494–95ರ ನಿಜಾಮಿಯ ‘ಖಮ್ಸಾ’ದಲ್ಲಿ ಖಲೀಫ ಹಾರೂನ್ ಅಲ್ ರಷೀದ್ ಹಮಾಮಿನಲ್ಲಿ ತಲೆ ಬೋಳಿಸಿಕೊಳ್ಳುತ್ತಿದ್ದಾನೆ. ಅವನು ಸತ್ತದ್ದು 809ರಲ್ಲಿ. ಅವನ ಕಾಲದ ಬಾಗ್ದಾದನ್ನು ಹೆರಾತಿನ ಕಲಾವಿದ ಕಂಡವನಲ್ಲ, ಕಾಣುವ ಗೋಜಿಗೆ ಹೋದವನೂ ಅಲ್ಲ. ಮೇಲೆ ಸಾಲಾಗಿ ಒಣಗುವ ನೀಲಿ ವಸ್ತ್ರಗಳು, ನೀರು ಹೊರುವ ಆಳುಗಳು, ಮೈ ತಿಕ್ಕುವವರು ಇವೆಲ್ಲ ಅವನೂರಿನವು. ಕಥೆ ಹಳೆಯದಾದಷ್ಟೂ ಚಿತ್ರಕಾರ ತನ್ನ ಕಾಲದಿಂದಲೇ ಸಾಮಗ್ರಿ ತರಬೇಕಾಗುತ್ತಿತ್ತು, ನಮಗೆ ಲಾಭವಾದದ್ದು ಅದೇ.

ಹಾಗೆಂದು ಎಲ್ಲ ಚಿತ್ರಗಳನ್ನೂ ಒಂದೇ ಸಮ ನಂಬಲಾಗದು. ತಬ್ರೀಜಿನಲ್ಲಿ ಷಾ ತಹಮಾಸ್ಪನಿಗಾಗಿ ಮಾಡಿದ ‘ಶಾಹನಾಮೆ’ಯ 258 ಚಿತ್ರಗಳು ವೈಭವದಲ್ಲಿ ಇವನ್ನು ಮೀರಿಸುತ್ತವೆ, ಅನುಮಾನವಿಲ್ಲ. ಅಲ್ಲಿ ಚಿತ್ರಕಾರ ಸುಲ್ತಾನ್ ಮುಹಮ್ಮದ್ ಬರೆದ, ಪುರಾಣದ ದೊರೆ ಗಯೂಮರ್ಸನ ಓಲಗದಲ್ಲಿ ಬಂಡೆಗಳೊಳಗೂ ಮುಖಗಳು ಅಡಗಿವೆ. ಅದು ಕಲ್ಪನೆಯ ಶಿಖರ. ಆದರೆ ಆಸ್ಥಾನವೊಂದು ದಿನವಹಿ ಹೇಗೆ ನಡೆಯುತ್ತಿತ್ತು ಎಂದು ತಿಳಿಯಲು ನಾನಂತೂ ಹೆರಾತಿನ ಆ ಎರಡು ಹಸ್ತಪ್ರತಿಗಳನ್ನೇ ಆರಿಸುತ್ತೇನೆ.