ಸೋಲಿಗೂ ಮೀಟರ್ ಲೆಕ್ಕವಿರಲಿ

ಓಟದ ಗುಂಪುಗಳಲ್ಲಿ ಒಂದು ಉಪದೇಶ ಮತ್ತೆ ಚಿಗುರಿದೆ: ಗುರಿಯನ್ನು ಯಾರಿಗೂ ಹೇಳಬೇಡಿ, ಹೇಳಲೇಬೇಕಾದರೆ ಮೂರು ಹೇಳಿ. ಎ ಗುರಿ ಮ್ಯಾರಥಾನನ್ನು ನಾಲ್ಕು ಗಂಟೆಯೊಳಗೆ ಮುಗಿಸುವುದು, ಬಿ ಗುರಿ ನಾಲ್ಕೂಕಾಲು, ಸಿ ಗುರಿ ನಗುನಗುತ್ತಾ ಗೆರೆ ದಾಟುವುದು. ಮೂರರಲ್ಲಿ ಒಂದಾದರೂ ಕೈಗೆ ಸಿಕ್ಕೇ ಸಿಗುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ. ಈ ಪಂಥದವರ ಮೇಲೆ ನನಗಿರುವ ಸಿಟ್ಟು ಹಳೆಯದು. ಓಡಿ ಮುಗಿಸಿದ ಮೇಲೆ ಗುರಿ ಆರಿಸಿಕೊಳ್ಳುವುದಾದರೆ ಕೈಗೆ ಗಡಿಯಾರ ಯಾಕೆ ಕಟ್ಟಿಕೊಳ್ಳಬೇಕು?

ಅವರು ಈಗ ಹಿಡಿದುಕೊಂಡಿರುವ ಉದಾಹರಣೆ ಕೀನ್ಯಾದ ಓಟಗಾರ್ತಿ ಫೇತ್ ಕಿಪ್ಯೆಗಾನ್. ನಾಲ್ಕು ನಿಮಿಷದೊಳಗೆ ಮೈಲಿ ಓಡುತ್ತೇನೆ ಎಂದು ತಿಂಗಳುಗಟ್ಟಲೆ ಮೊದಲೇ ಸಾರಿ, 2025ರ ಜೂನ್ 26ರಂದು ಪ್ಯಾರಿಸ್ಸಿನ ಟ್ರ್ಯಾಕಿಗಿಳಿದಳು. ಹಿಂದೆ ಮುಂದೆ ವೇಗ ಕಾಯುತ್ತ ಗಾಳಿ ತಡೆಯುವ ಪೇಸರ್‌ಗಳ ಗೋಡೆ, ಗಾಳಿ ಸೀಳಲೆಂದೇ ಹೊಲಿಸಿದ ಉಡುಪು, ಹೊಸ ಶೂ. ಬಂದದ್ದು ನಾಲ್ಕು ನಿಮಿಷ ಆರು ಸೆಕೆಂಡು ಚಿಲ್ಲರೆ. 'ನೋಡಿದಿರಾ, ಸುಮ್ಮನೆ ಓಡಿದ್ದರೆ ಇಷ್ಟು ಮುಜುಗರ ಆಗುತ್ತಿತ್ತೇ' ಎಂದು ಕೇಳುತ್ತಾರೆ. ಅದು ಶೂ ಕಂಪನಿಯ ಜಾಹೀರಾತು ಎಂದರೆ ನಾನು ತಕರಾರು ಮಾಡುವುದಿಲ್ಲ. ಆದರೆ 2023ರಲ್ಲಿ ಮೊನಾಕೊದಲ್ಲಿ, ಇಂಥ ಯಾವ ಗೋಡೆಯೂ ಇಲ್ಲದೆ, ಅವಳು ಬರೆದಿದ್ದ ವಿಶ್ವದಾಖಲೆ 4 ನಿಮಿಷ 7.64 ಸೆಕೆಂಡು. ಇಷ್ಟೆಲ್ಲ ಸಲಕರಣೆ ಸೇರಿ ಕೊಟ್ಟದ್ದು ಒಂದು ಸೆಕೆಂಡಿನ ಆಸುಪಾಸು! ಪೇಸರ್‌ಗಳ ಹಿಂದೆ ಅಡಗಿದರೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ಕಾಗದದ ಮೇಲೆ ಭರ್ಜರಿಯಾಗಿತ್ತು. ಟ್ರ್ಯಾಕಿನ ಮೇಲೆ ಎಷ್ಟು ಉಳಿಯಿತೆಂದು ಗೊತ್ತಾದದ್ದು ಅವಳು ಸೋತದ್ದರಿಂದ. ಮ್ಯಾರಥಾನನ್ನು ಎರಡು ಗಂಟೆಯೊಳಗೆ ಓಡಲು ಹೊರಟ ಕೀನ್ಯಾದ ಕಿಪ್ಚೋಗೆ ಕೂಡ ಹಾಗೆಯೇ, 2017ರ ಮೇನಲ್ಲಿ ಮೊಂಜಾದ ಕಾರ್ ರೇಸ್ ಟ್ರ್ಯಾಕಿನಲ್ಲಿ ಎರಡು ಗಂಟೆಗೆ 25 ಸೆಕೆಂಡು ಮಿಕ್ಕಿ ಆ ದೂರ ಮುಗಿಸಿದ. ಎರಡು ವರ್ಷದ ನಂತರ ವಿಯೆನ್ನಾದಲ್ಲಿ 1:59:40. ಎಲ್ಲರ ಗೋಡೆಯ ಮೇಲೂ ವಿಯೆನ್ನಾದ ಫೋಟೊ ಇದೆ. ಮೊಂಜಾದ ಆ 25 ಸೆಕೆಂಡು ಕೈಯಲ್ಲಿಲ್ಲದಿದ್ದರೆ ವಿಯೆನ್ನಾದಲ್ಲಿ ಏನನ್ನು ಬದಲಿಸಬೇಕೆಂದು ಯಾರಿಗೆ ತಿಳಿಯುತ್ತಿತ್ತು?

ಓಟದ ಮಾತು ಇಷ್ಟು ಸಾಕು. ಗುರಿ ಸಾರಿ ಸೋಲುವ ಮಾತು ಬಂದಾಗಲೆಲ್ಲ ನನ್ನ ಮನಸ್ಸು ಹೋಗುವುದು ಸೈಕಲ್ಲಿನ ಒಂದು ಗಂಟೆಯ ದಾಖಲೆಯ ಕಡೆಗೆ. ಒಂದು ಗಂಟೆಯಲ್ಲಿ ಒಬ್ಬನೇ ಎಷ್ಟು ದೂರ ತುಳಿದ ಎಂಬುದಷ್ಟೇ ಲೆಕ್ಕ. ಎದುರಾಳಿಯಿಲ್ಲ, ಎರಡನೇ ಸ್ಥಾನವಿಲ್ಲ. ಗುಟ್ಟಾಗಿ ಮಾಡುತ್ತೇನೆಂದರೂ ಆಗದು. ಟ್ರ್ಯಾಕ್ ಗೊತ್ತುಮಾಡಬೇಕು, ಸಮಯ ಹಿಡಿಯುವ ಅಧಿಕಾರಿಗಳನ್ನು ಕರೆಸಬೇಕು. ಅವರು ಬಂದು ಕೂತ ಕೂಡಲೇ ಊರಿಗೆಲ್ಲ ಗೊತ್ತು, ಇವನಿಗೆ ಬೇಕಿರುವುದು ಹಿಂದಿನವನಿಗಿಂತ ಒಂದು ಮೀಟರ್ ಹೆಚ್ಚು ಎಂದು. ಬಿ ಗುರಿ ಇಡಲು ಅಲ್ಲಿ ಜಾಗವೇ ಇಲ್ಲ.

ಗ್ರೇಮ್ ಒಬ್ರಿಯ ಕಥೆಯನ್ನು ಇಲ್ಲಿ ಹಿಂದೆಯೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ. ತಂಡವಿಲ್ಲದ, ಕಾಸಿಲ್ಲದ ಸ್ಕಾಟ್ಲೆಂಡಿನ ಸವಾರ. ಸೈಕಲ್ಲನ್ನು ತಾನೇ ಕಟ್ಟಿಕೊಂಡಿದ್ದ. ಅದರಲ್ಲಿ ವಾಷಿಂಗ್ ಮಷೀನಿನ ಬೇರಿಂಗ್ ಇತ್ತು. ತೋಳುಗಳನ್ನು ಎದೆಯಡಿ ಮಡಚಿ, ಹ್ಯಾಂಡಲ್ ಮೇಲೆ ಕವುಚಿಕೊಂಡು ತುಳಿಯುತ್ತಿದ್ದ. ಅವನು ಮುರಿಯಬೇಕಿದ್ದದ್ದು 1984ರ ಜನವರಿಯಲ್ಲಿ ಇಟಲಿಯ ಮೋಸೆರ್ ಮೆಕ್ಸಿಕೊ ಸಿಟಿಯ ತೆಳುಗಾಳಿಯಲ್ಲಿ ಹೋಗಿದ್ದ 51.151 ಕಿಲೊಮೀಟರ್. ಒಲಿಂಪಿಕ್ ಚಾಂಪಿಯನ್ ಕ್ರಿಸ್ ಬೋರ್ಡ್‌ಮನ್ ಅದೇ ದಾಖಲೆಗೆ ಫ್ರಾನ್ಸಿನಲ್ಲಿ ದಿನ ನಿಗದಿ ಮಾಡಿಕೊಂಡಿದ್ದ. ಅವನಿಗಿಂತ ಮೊದಲು ಮುಟ್ಟಬೇಕೆಂಬ ಹಟದಲ್ಲಿ ಒಬ್ರಿ ನಾರ್ವೆಯ ಹಾಮಾರ್‌ನಲ್ಲಿ ಟ್ರ್ಯಾಕನ್ನು ಇಪ್ಪತ್ನಾಲ್ಕು ಗಂಟೆಗೆ ಹಿಡಿದ.

1993ರ ಜುಲೈ 16. ತನ್ನ ಸೈಕಲ್ಲಿನ ಮಾದರಿಯಲ್ಲೇ ಬೇರೊಬ್ಬರು ಕಟ್ಟಿಕೊಟ್ಟ ಹೊಸ ಬಂಡಿ ಏರಿದ. ಸುಮಾರು ಒಂದು ಕಿಲೊಮೀಟರ್ ಕಮ್ಮಿ ಬಿತ್ತು. ಪತ್ರಕರ್ತರು ನೋಡುತ್ತಿದ್ದಂತೆಯೇ ಆದ ಸೋಲು. ಗಂಟೆಯ ಸವಾರಿ ಮಾಡಿದವರಿಗೆ ಅದರ ಮರುದಿನ ಮೆಟ್ಟಿಲು ಇಳಿಯುವುದೂ ಕಷ್ಟ. ಒಬ್ರಿಗೆ ಕಂಡದ್ದು ಬಾಡಿಗೆಯಲ್ಲಿ ಇನ್ನೂ ಉಳಿದಿದ್ದ ಹೊತ್ತು. ನಾಳೆ ಬೆಳಗ್ಗೆ ಮತ್ತೆ ಬರುತ್ತೇನೆ ಎಂದ. ರಾತ್ರಿ ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ಮಲಗಿದ. ಒಂದೆರಡು ಗಂಟೆಗೊಮ್ಮೆ ಮೂತ್ರಕ್ಕೆ ಏಳಲೇಬೇಕು, ಎದ್ದಾಗಲೆಲ್ಲ ಕಾಲು ಸೆಳೆದುಕೊಳ್ಳಬಹುದು, ಸ್ನಾಯು ಮರಗಟ್ಟುವುದಿಲ್ಲ. ಕ್ರೀಡಾವಿಜ್ಞಾನದ ಯಾವ ಪುಸ್ತಕದಲ್ಲೂ ಇಲ್ಲದ ಉಪಾಯ. ಬೆಳಗ್ಗೆ ತನ್ನ ಹಳೆಯ ಸೈಕಲ್ಲನ್ನೇ ಹೊರತೆಗೆದು 51.596 ಕಿಲೊಮೀಟರ್ ತುಳಿದ. ಮೋಸೆರ್‌ಗಿಂತ 445 ಮೀಟರ್ ಹೆಚ್ಚು.

ಆರು ದಿನಕ್ಕೆ ಬೋರ್ಡ್‌ಮನ್ 52.270 ಮಾಡಿ ಅದನ್ನು ಕಸಿದುಕೊಂಡ. ಮರುವರ್ಷದ ಏಪ್ರಿಲ್‌ನಲ್ಲಿ ಒಬ್ರಿ 52.713ಕ್ಕೆ ಏರಿಸಿ ಮರಳಿ ಪಡೆದ. ಅಷ್ಟರಲ್ಲಿ ಸೈಕಲ್ ಒಕ್ಕೂಟದ ದೊಡ್ಡವರಿಗೆ ಅವನು ಕೂರುವ ಭಂಗಿ ಕಣ್ಣಿಗೆ ಚುಚ್ಚತೊಡಗಿತ್ತು, ಅದೇ ವರ್ಷ ನಿಷೇಧಿಸಿದರು. ಅದರ ಬಗ್ಗೆ ಬೈಯಲು ಬೇರೆಯೇ ಅಂಕಣ ಬೇಕು.

ಜುಲೈ 16ರ ಆ ಒಂದು ಕಿಲೊಮೀಟರ್ ನನಗೆ ಮುಖ್ಯ. ಒಬ್ರಿ ಮೊದಲ ದಿನವನ್ನು 'ಸುಮ್ಮನೆ ಒಂದು ತಾಲೀಮು' ಎಂದು ಹೇಳಿಕೊಂಡಿದ್ದರೆ ಆ ರಾತ್ರಿ ನೀರು ಕುಡಿಯುವ ಪ್ರಮೇಯವೇ ಬರುತ್ತಿರಲಿಲ್ಲ. ಹಾಗೆಂದು ಸೋತವರೆಲ್ಲ ಮರುದಿನ ಗೆದ್ದರು ಎಂದು ನಾನು ಹೇಳುತ್ತಿಲ್ಲ, 'ಸೋಲೇ ಗೆಲುವಿನ ಸೋಪಾನ' ಮಾರುವ ಭಾಷಣಕಾರರೂ ನನ್ನ ನೆಂಟರಲ್ಲ. ಆಸ್ಟ್ರೇಲಿಯಾದ ಜ್ಯಾಕ್ ಬಾಬ್ರಿಜ್ 2015ರಲ್ಲಿ ಮೆಲ್ಬರ್ನ್‌ನಲ್ಲಿ ಅತಿ ಬಿರುಸಿನಿಂದ ಹೊರಟು 51.300ಕ್ಕೆ ನಿಂತ. ನಿಯಮಗಳು ಬದಲಾಗಿ ದಾಖಲೆಯ ಲೆಕ್ಕ ಕೆಳಗಿಳಿದಿದ್ದರಿಂದ ಆಗ ಬೇಕಿದ್ದದ್ದು 51.852. ಮರುದಿನದ ಸವಾರಿ ಅವನ ಕಥೆಯಲ್ಲಿಲ್ಲ. ಇಂಗ್ಲೆಂಡಿನ ಅಲೆಕ್ಸ್ ಡೌಸೆಟ್‌ನದು ಇನ್ನೂ ವಿಚಿತ್ರ. ಹಿಮೊಫಿಲಿಯಾ ಇರುವ, ಅಂದರೆ ಗಾಯವಾದರೆ ರಕ್ತ ಸುಲಭಕ್ಕೆ ಹೆಪ್ಪುಗಟ್ಟದ ಸವಾರ. 2015ರಲ್ಲಿ 52.937 ಹೋಗಿ ದಾಖಲೆ ಬರೆದ, ತಿಂಗಳು ಕಳೆಯುತ್ತಲೇ ಬ್ರಿಟನ್ನಿನ ಇನ್ನೊಬ್ಬ ಸವಾರ ವಿಗಿನ್ಸ್ ಅದನ್ನು 54.526ಕ್ಕೆ ಒಯ್ದ. 2021ರ ನವೆಂಬರಿನಲ್ಲಿ ಮೆಕ್ಸಿಕೊದಲ್ಲಿ ಡೌಸೆಟ್ ಮತ್ತೆ ಇಳಿದಾಗ ಹೋದದ್ದು 54.555. ತನ್ನ ದಾಖಲೆಗಿಂತ ಒಂದೂವರೆ ಕಿಲೊಮೀಟರಿಗೂ ಮುಂದೆ, ವಿಗಿನ್ಸ್‌ಗಿಂತಲೂ ಮುಂದೆ. ಆದರೆ ಅಷ್ಟರಲ್ಲಿ ದಾಖಲೆ 55.089ಕ್ಕೆ ಏರಿತ್ತು. 534 ಮೀಟರ್ ಕಮ್ಮಿಯಾಗಿ ಸೋತ. ಬಾಳಿನ ಅತ್ಯುತ್ತಮ ಸವಾರಿಯೂ ಸೋಲೂ ಒಂದೇ ಗಂಟೆಯಲ್ಲಿ ಆದವು. ಎರಡನ್ನೂ ಮೀಟರಿನಲ್ಲಿ ಅಳೆದು ಇಟ್ಟಿದ್ದಾರೆ, ಬೇಕಾದವರು ನೋಡಬಹುದು.

ಈ ಗಂಟೆಯ ದಾಖಲೆಗೆ ನಮ್ಮೂರಿನಲ್ಲಿ ಹತ್ತಿರದ ನೆಂಟ ಇಪ್ಪತ್ನಾಲ್ಕು ಗಂಟೆಯ ಓಟ. 2022ರ ಜುಲೈನಲ್ಲಿ ಏಷ್ಯಾ-ಓಷಿಯಾನಿಯಾ ಚಾಂಪಿಯನ್‌ಷಿಪ್ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೇ ನಡೆಯಿತು. ನಿಗದಿತ ಹೊತ್ತಿನ ಈ ಓಟಗಳಲ್ಲಿ ಅರ್ಧಕ್ಕೆ ಬಿಟ್ಟವರ ಹೆಸರಿನ ಮುಂದೆಯೂ ಕಿಲೊಮೀಟರ್ ಬೀಳುತ್ತದೆ. ಹಾಗಾಗಿ ಡೇರೆಯಲ್ಲಿ ಮಲಗಿ ಎದ್ದವರೂ 'ಅಂದುಕೊಂಡಷ್ಟು ಆಯಿತು' ಎನ್ನುತ್ತಾರೆ. ಎಷ್ಟು ಅಂದುಕೊಂಡಿದ್ದಿರಿ ಎಂದು ಕೇಳಿದರೆ ಉತ್ತರ ಬರುವುದಿಲ್ಲ.

ಈ ಋತುವಿನಲ್ಲಿ ಇಪ್ಪತ್ನಾಲ್ಕು ಗಂಟೆಗೆ ಹೆಸರು ಕೊಟ್ಟವರು ನಿಮ್ಮ ಕಿಲೊಮೀಟರ್ ಬರೆದು ಕಳಿಸಿ. ಓಟದ ಹಿಂದಿನ ವಾರ ಇದೇ ಜಾಗದಲ್ಲಿ ಅಚ್ಚು ಹಾಕುತ್ತೇನೆ, ಮುಂದಿನ ವಾರ ಅದರ ಪಕ್ಕದಲ್ಲಿ ಫಲಿತಾಂಶ. ಒಬ್ಬರಿಗೆ ಒಂದೇ ಸಂಖ್ಯೆ.